ಸ್ಟಾರ್‌ಫೀಲ್ಡ್‌ಗೆ 7 ಕೊಟ್ಟ ವಿಮರ್ಶಕನ ಅಂಕಗಳನ್ನು ಆಟಗಾರರ ಅಭಿಪ್ರಾಯದ ಪಕ್ಕ ಇಟ್ಟು ನೋಡೋಣ್ವಾ?

ಕುಂದಾನಗರಿ ಗೇಮರ್ (ಬೆಳಗಾವಿ)

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಮುಗಿಯುವ ಹಾಗೆ ಕಾಣುವುದಿಲ್ಲ. ಅದಕ್ಕೆ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಟಿಳಕವಾಡಿ ಕಡೆಯ ಹುಡುಗರು "ವಿಮರ್ಶಕರ ಸ್ಕೋರ್ ಬಿಡ್ರಿ, ಸ್ಟೀಮ್‌ನಲ್ಲಿ ಜನ ಏನಂತಾರೆ ನೋಡ್ರಿ" ಅನ್ನುತ್ತಾರೆ (ಸ್ಟೀಮ್ ಅಂದರೆ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ, ಆಡಿದವರು ಅಲ್ಲೇ ರಿವ್ಯೂ ಹಾಕುತ್ತಾರೆ). ಇನ್ನುಳಿದವರು "ಜನಕ್ಕೆ ಸಿಟ್ಟು ಬಂದರೆ ಸೊನ್ನೆ ಹಾಕ್ತಾರೆ, ಅದನ್ನೇನು ನಂಬೋದು" ಅನ್ನುತ್ತಾರೆ. ಎರಡೂ ಕಡೆಯವರು "ವಿಮರ್ಶಕರು" ಅಂತ ಒಂದು ದೊಡ್ಡ ಗುಂಪನ್ನು ಹಿಡಿದು ಮಾತಾಡುತ್ತಾರೆ. ಆ ಗುಂಪಿಗೆ ಮುಖವೇ ಇಲ್ಲ. ನಾನು ಹೇಳುವುದು, ಒಬ್ಬರನ್ನು ಮಾತ್ರ ಹಿಡಿಯೋಣ. ಅವರು ಕೊಟ್ಟ ಅಂಕ ಒಂದು ಕಡೆ, ಆಟಗಾರರು ಹೇಳಿದ್ದು ಇನ್ನೊಂದು ಕಡೆ.

ನಾನು ಆರಿಸಿದ್ದು ಡ್ಯಾನ್ ಸ್ಟೇಪಲ್‌ಟನ್. ಐಜಿಎನ್ ಅನ್ನುವ ಗೇಮಿಂಗ್ ತಾಣದಲ್ಲಿ ವರ್ಷಗಟ್ಟಲೆ ಪಿಸಿ ಗೇಮ್ ರಿವ್ಯೂ ಬರೆದವರು, ರಿವ್ಯೂ ವಿಭಾಗವನ್ನೂ ನಡೆಸಿದವರು. ಯಾಕೆ ಇವರೇ ಅಂದರೆ, ನಮ್ಮಲ್ಲಿ ಹೆಚ್ಚಿನವರು ಆಡಿರುವ ಗೇಮ್‌ಗಳಿಗೇ ಇವರು ಬರೆದಿದ್ದಾರೆ. ಮತ್ತೆ ನಮ್ಮಲ್ಲಿ ಅತಿ ಹೆಚ್ಚು ಬೈಗುಳ ತಿಂದವರೂ ಇವರೇ.

ಫಾಲೌಟ್ 4ಕ್ಕೆ 9.5 ಕೊಟ್ಟರು, 2015ರಲ್ಲಿ. ಎಕ್ಸ್‌ಕಾಮ್ 2ಕ್ಕೆ 9.3. ನೋ ಮ್ಯಾನ್ಸ್ ಸ್ಕೈಗೆ 2016ರಲ್ಲಿ 6. ಪ್ರೇಗೆ 2017ರಲ್ಲಿ ಮೊದಲು 4, ಆಮೇಲೆ 8. ದಿ ಔಟರ್ ವರ್ಲ್ಡ್ಸ್‌ಗೆ 8.5. ಹಾಫ್-ಲೈಫ್: ಅಲಿಕ್ಸ್‌ಗೆ 2020ರಲ್ಲಿ ಪೂರ್ತಿ 10. ಸ್ಟಾರ್‌ಫೀಲ್ಡ್‌ಗೆ 2023ರಲ್ಲಿ 7. ಬರೆದದ್ದು ಇನ್ನೂ ಬೇಕಾದಷ್ಟಿದೆ, ಆದರೆ ಜಗಳಕ್ಕೆ ಇಷ್ಟು ಸಾಕು.

ಮೊದಲು ಸ್ಟಾರ್‌ಫೀಲ್ಡ್ ನೋಡಿ. ಫಾಲೌಟ್ 4 ಮಾಡಿದ ಬೆಥೆಸ್ಡಾದವರದ್ದೇ ಬಾಹ್ಯಾಕಾಶದ ಗೇಮ್, ಬೆಥೆಸ್ಡಾ ಈಗ ಎಕ್ಸ್‌ಬಾಕ್ಸ್ ಕಂಪನಿಯದ್ದು. ಆ ವಾರ ಬಹಳಷ್ಟು ವಿಮರ್ಶಕರು 9, 10 ಅಂತ ಕೊಡುತ್ತಿದ್ದರು, ವಿಮರ್ಶಕರ ಅಂಕಗಳಿಗೆಲ್ಲ 100ಕ್ಕೆ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಅದು 80 ದಾಟಿ ಕೂತಿತ್ತು. ಈ ಮನುಷ್ಯ 7 ಕೊಟ್ಟಾಗ ಎಲ್ಲರೂ ಮೈಮೇಲೆ ಬಿದ್ದರು. ಎಕ್ಸ್‌ಬಾಕ್ಸ್ ಮೇಲೆ ದ್ವೇಷ, ಕ್ಲಿಕ್‌ಗೋಸ್ಕರ ಬರೆದದ್ದು, ಪೂರ್ತಿ ಆಡಿಯೇ ಇಲ್ಲ, ಏನೇನೋ. ಕೆಲವೇ ತಿಂಗಳು. ಸ್ಟೀಮ್‌ನಲ್ಲಿ ಅದೇ ಗೇಮ್ "ಮಿಕ್ಸ್ಡ್"ಗೆ ಇಳಿಯಿತು. ಅವರು ರಿವ್ಯೂನಲ್ಲಿ ಗೊಣಗಿದ್ದು ಏನಕ್ಕೆ? ಊರಿಗೊಂದು ಮ್ಯಾಪ್ ಇಲ್ಲ, ಸಾಮಾನು ಹೊರುವ ಕಾಟ ಜಾಸ್ತಿ, ಬೇಕಾದ ಸೌಲಭ್ಯಗಳು ತಡವಾಗಿ ಕೈಗೆ ಸಿಗುತ್ತವೆ ಅಂತ. ಮ್ಯಾಪ್ ಕೊನೆಗೆ 2024ರ ಮೇ ಅಪ್‌ಡೇಟ್‌ನಲ್ಲಿ ಬಂತು. ಅಂದರೆ ಗೇಮ್ ಮಾಡಿದವರೇ ಆ ದೂರನ್ನು ಒಪ್ಪಿದ ಹಾಗಾಯಿತಲ್ಲ.

ಈಗ ಫಾಲೌಟ್ 4. ಇಲ್ಲಿ ಇವರು 9.5 ಅಂದರು. ಮೆಟಾಕ್ರಿಟಿಕ್‌ನಲ್ಲಿ ಪಿಸಿ ಆಟಗಾರರ ಸ್ಕೋರ್ ಬೇರೆ ಇದೆ, ಅದು 10ಕ್ಕೆ 6ಕ್ಕಿಂತ ಕೆಳಗೆ. ಮಾತುಕತೆಯನ್ನು ನಾಲ್ಕು ಉತ್ತರಕ್ಕೆ ಇಳಿಸಿದರು, ಹಳೆಯ ಫಾಲೌಟ್‌ನ ರೋಲ್ ಪ್ಲೇಯಿಂಗ್ ಹೋಯಿತು ಅಂತ ಹಳಬರಿಗೆ ಕೋಪ. ಅದೇ ಗೇಮ್‌ಗೆ ಸ್ಟೀಮ್‌ನಲ್ಲಿ ಹೆಚ್ಚಿನವರು ಹೆಬ್ಬೆರಳು ಮೇಲೆ ಮಾಡಿದ್ದಾರೆ. ಹಾಗಾದರೆ "ಆಟಗಾರರ ಅಭಿಪ್ರಾಯ" ಯಾವುದು? ಕೋಪದಿಂದ ಮೆಟಾಕ್ರಿಟಿಕ್‌ಗೆ ಹೋಗಿ ಅಕೌಂಟ್ ಮಾಡಿ ಸೊನ್ನೆ ಹಾಕಿದವರದ್ದಾ, ಇನ್ನೂರು ಗಂಟೆ ಆಡಿ ಸ್ಟೀಮ್‌ನಲ್ಲಿ "ಚೆನ್ನಾಗಿದೆ" ಅಂತ ಒಂದು ಸಾಲು ಬರೆದವರದ್ದಾ?

ನನಗೆ ಇದರಲ್ಲಿ ಕಂಡದ್ದು ಒಂದೇ. ಈ ವಿಮರ್ಶಕ ಸರಾಸರಿಗೆ ಎಷ್ಟು ಹತ್ತಿರ ಇದ್ದಾರೆ ಅನ್ನುವುದು ಉಪಯೋಗದ ಪ್ರಶ್ನೆಯೇ ಅಲ್ಲ. ಅವರ ಒಲವು ಯಾವ ಕಡೆ, ಅದು ಎಲ್ಲಾ ಗೇಮ್‌ನಲ್ಲೂ ಒಂದೇ ರೀತಿ ಇದೆಯಾ ಅನ್ನುವುದು ಮುಖ್ಯ. ಒಲವು ಗೊತ್ತಿದ್ದರೆ ಅವರು ತಪ್ಪಿದ ಕಡೆಯೂ ನನಗೆ ಉಪಯೋಗಕ್ಕೆ ಬರುತ್ತಾರೆ. ಒಪ್ಪದವರು ಬೈಯಿರಿ, ಆದರೆ ಉದಾಹರಣೆ ಕೊಟ್ಟು ಬೈಯಿರಿ.

ಕರದಂಟು ಕ್ರಿಟಿಕಲ್ ಹಿಟ್ (ಗೋಕಾಕ)

ಮೊದಲನೇ ಪ್ರಶ್ನೆ. 10ಕ್ಕೆ 7 ಕೊಟ್ಟರೆ ಬೈಗುಳ ಯಾಕೆ? ನಮ್ಮ ಕಾಲಕ್ಕೆ 35 ಬಂದರೆ ಪಾಸು, 60 ಬಂದರೆ ಫಸ್ಟ್ ಕ್ಲಾಸು, ಮನೆಯಲ್ಲಿ ಪೇಡೆ ಹಂಚುತ್ತಾರೆ. 70 ತಂದ ಮಗನಿಗೆ ಹೊಡೆಯುವವರು ಈ ಗೇಮಿಂಗ್ ಜನ ಮಾತ್ರ.

ಕುಂದಾನಗರಿ ಗೇಮರ್ (ಬೆಳಗಾವಿ)

ಹ್ಹಹ್ಹ, ಅದೇ ನೋಡ್ರಿ. ಐಜಿಎನ್‌ನ ಸ್ವಂತ ಅಳತೆಯಲ್ಲಿ 7 ಅಂದರೆ "ಗುಡ್", 6 ಅಂದರೆ "ಓಕೆ", 5 ಅಂದರೆ "ಮೀಡಿಯೋಕರ್", 4 ಅಂದರೆ "ಬ್ಯಾಡ್". ಬರೆದೇ ಇಟ್ಟಿದ್ದಾರೆ. ಓದುವವರ ತಲೆಯಲ್ಲಿ ಮಾತ್ರ 8ಕ್ಕಿಂತ ಕೆಳಗೆಲ್ಲ ಫೇಲು. ಯಾಕೆ ಹಾಗಾಯಿತು ಅಂದರೆ, ದೊಡ್ಡ ತಾಣಗಳು ನಿಜವಾಗಲೂ ಕೆಟ್ಟ ಗೇಮ್‌ಗಳನ್ನು ರಿವ್ಯೂಗೆ ತಗೊಳ್ಳುವುದೇ ಕಮ್ಮಿ. ಸ್ಟೀಮ್‌ಗೆ ವರ್ಷಕ್ಕೆ ಸಾವಿರಾರು ಗೇಮ್ ಬರುತ್ತವೆ, ಅದರಲ್ಲಿ ರಿವ್ಯೂ ಆಗುವುದು ಹಣ ಇರುವವರದ್ದು, ಹೆಸರು ಇರುವವರದ್ದು. ಅವು ಸಹಜವಾಗಿ 6ರಿಂದ ಮೇಲೆ ನಿಲ್ಲುತ್ತವೆ. ಹಾಗಾಗಿ ಅಳತೆಯ ಕೆಳಗಿನ ಅರ್ಧ ಖಾಲಿ.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಒಂದು ದೊಡ್ಡ ತೊಂದರೆ ಇದೆ, ಅದನ್ನು ಯಾರೂ ಹೇಳಲಿಲ್ಲ. ನೀವು ಸ್ಟೀಮ್‌ನ ಶೇಕಡವನ್ನು ಅಂಕದ ಪಕ್ಕ ಇಡುತ್ತಿದ್ದೀರಿ. ಅದು ಅಂಕವೇ ಅಲ್ಲ.

ಸ್ಟೀಮ್‌ನಲ್ಲಿ ಕೇಳುವುದು ಒಂದೇ ಪ್ರಶ್ನೆ, ಈ ಗೇಮ್ ಬೇರೆಯವರಿಗೆ ಶಿಫಾರಸು ಮಾಡುತ್ತೀರಾ ಇಲ್ಲವಾ. ಹೆಬ್ಬೆರಳು ಮೇಲೆ ಅಥವಾ ಕೆಳಗೆ. ಈಗ ಒಂದು ಲೆಕ್ಕ ಹಾಕಿ. ಒಂದು ಗೇಮ್ ಇದೆ, ಆಡಿದ 100 ಜನಕ್ಕೂ ಅದು 10ಕ್ಕೆ 6.5 ಅನ್ನಿಸಿದೆ. ಪರವಾಗಿಲ್ಲ, ತಗೊಳ್ಳಿ ಅಂತ ಎಲ್ಲರೂ ಹೆಬ್ಬೆರಳು ಮೇಲೆ ಮಾಡಿದರು. ಸ್ಟೀಮ್‌ನಲ್ಲಿ 100 ಪರ್ಸೆಂಟ್. ಇನ್ನೊಂದು ಗೇಮ್ 70 ಜನಕ್ಕೆ 10ಕ್ಕೆ 10 ಅನ್ನಿಸಿದೆ, 30 ಜನಕ್ಕೆ 3 ಅನ್ನಿಸಿದೆ. ಸರಾಸರಿ 7.9. ಸ್ಟೀಮ್‌ನಲ್ಲಿ ಬರೀ 70 ಪರ್ಸೆಂಟ್, ಅಂದರೆ "ಮೋಸ್ಟ್ಲಿ ಪಾಸಿಟಿವ್"ನ ಕಟ್ಟಕಡೆ. ಅಂಕದಲ್ಲಿ ಎರಡನೆಯದು ಮೇಲೆ, ಶೇಕಡದಲ್ಲಿ ಮೊದಲನೆಯದು ಮೇಲೆ. ಇದರಲ್ಲಿ ಯಾರದ್ದೂ ಮೋಸ ಇಲ್ಲ. ಎರಡು ಬೇರೆ ಬೇರೆ ಪ್ರಶ್ನೆಗೆ ಎರಡು ಉತ್ತರ.

ಅದಕ್ಕೆ ಸ್ಟೇಪಲ್‌ಟನ್ 9.5 ಕೊಟ್ಟ, ಸ್ಟೀಮ್‌ನಲ್ಲಿ 82, ವ್ಯತ್ಯಾಸ 13 ಅಂತ ಕಳೆಯುವ ಲೆಕ್ಕ ಮಾಡಿದರೆ ಅದಕ್ಕೆ ಅರ್ಥ ಇಲ್ಲ. ಮಾಡಬಹುದಾದ್ದು ಏನೆಂದರೆ ಸಾಲಿನಲ್ಲಿ ನಿಲ್ಲಿಸುವುದು. ಅವರ ಮೇಲಿಂದ ಕೆಳಗಿನ ಸಾಲು ಒಂದು, ಆಟಗಾರರದ್ದು ಒಂದು. ಸಾಲು ಎಷ್ಟು ಹೊಂದುತ್ತದೆ ನೋಡಿ. ನಿಮ್ಮ ಪಟ್ಟಿಯನ್ನೇ ತಗೊಂಡರೆ ಅಲಿಕ್ಸ್ ಎರಡೂ ಸಾಲಿನಲ್ಲಿ ಮೊದಲು. ಸ್ಟಾರ್‌ಫೀಲ್ಡ್ ಎರಡರಲ್ಲೂ ತಳದ ಹತ್ತಿರ. ಪ್ರೇ ಮತ್ತೆ ನೋ ಮ್ಯಾನ್ಸ್ ಸ್ಕೈ ಮಾತ್ರ ಸಾಲು ತಪ್ಪಿಸಿ ಆಟಗಾರರ ಕಡೆ ಮೇಲೆ ಹತ್ತುತ್ತವೆ. ಒಟ್ಟಿನಲ್ಲಿ ಬೈಯುವಷ್ಟು ದೂರ ಏನಿಲ್ಲ. ಆದರೆ ಏಳು ಗೇಮ್‌ನಿಂದ ಏನನ್ನೂ ಸಾಬೀತು ಮಾಡಲಾಗುವುದಿಲ್ಲ. ಅದರಲ್ಲೂ ನಿಮಗೆ ನೆನಪಿಗೆ ಬಂದ ಏಳು. ನೆನಪಿಗೆ ಬರುವುದು ಜಗಳ ಆದ ಗೇಮ್‌ಗಳೇ ಅಲ್ವಾ.

ಕುಂದಾನಗರಿ ಗೇಮರ್ (ಬೆಳಗಾವಿ)

ಸಾಲಿನ ಮಾತು ಒಪ್ಪುತ್ತೇನೆ. ಆದರೆ ಅಲಿಕ್ಸ್ ಮೊದಲು ಬಂದದ್ದಕ್ಕೆ ಇನ್ನೊಂದು ಕಾರಣ ಇದೆ. ಅದು ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಇಲ್ಲದೆ ಆಡಲಾಗದ ಗೇಮ್. ಹೆಡ್‌ಸೆಟ್‌ಗೆ ಅಷ್ಟು ದುಡ್ಡು ಸುರಿದವನು, ಅದೂ ಹಾಫ್-ಲೈಫ್ ಅಭಿಮಾನಿ, ಹದಿಮೂರು ವರ್ಷ ಹೊಸ ಹಾಫ್-ಲೈಫ್‌ಗೆ ಕಾದವನು. ಅವನು ಹೆಬ್ಬೆರಳು ಕೆಳಗೆ ಮಾಡುತ್ತಾನಾ? ಆಟಗಾರರ ಸ್ಕೋರ್‌ನಲ್ಲಿ ಇದೇ ಗುಟ್ಟು. ಇಷ್ಟ ಆಗಬಹುದು ಅನ್ನಿಸಿದವನೇ ದುಡ್ಡು ಕೊಟ್ಟು ತಗೊಳ್ಳುವುದು. ವಿಮರ್ಶಕನಿಗೆ ಆ ಆಯ್ಕೆ ಇಲ್ಲ, ಟೇಬಲ್ ಮೇಲೆ ಬಿದ್ದದ್ದನ್ನು ಆಡಬೇಕು. ಹಾಗಾಗಿ ಸಣ್ಣ ಗುಂಪಿನ ಗೇಮ್‌ಗಳಿಗೆ ಆಟಗಾರರ ಶೇಕಡ ಸಾಮಾನ್ಯವಾಗಿ ಉಬ್ಬಿರುತ್ತದೆ. ಟ್ರೇನ್ ಓಡಿಸುವ ಗೇಮ್, ಹೊಲ ಉಳುವ ಗೇಮ್, ಎಲ್ಲಾ ಹಾಗೆ.

ನವನಗರ ನೈಟ್ ಶಿಫ್ಟ್ (ಬಾಗಲಕೋಟೆ)

ಲೆಕ್ಕ ಎಲ್ಲಾ ಸರಿ, ನನ್ನ ಮಷಿನ್ ಮೇಲೆ ಓಡುತ್ತದಾ ಇಲ್ಲವಾ ಅಂತ ಆ ವಿಮರ್ಶಕ ಹೇಳುತ್ತಾನಾ?

ಸ್ಟಾರ್‌ಫೀಲ್ಡ್‌ನ ಕನಿಷ್ಠ ಅಗತ್ಯ ಓದಿದ್ದೀರಾ? ಜಿಟಿಎಕ್ಸ್ 1070 ಟಿಐ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 125 ಜಿಬಿ ಜಾಗ, ಅದೂ ಎಸ್‌ಎಸ್‌ಡಿ ಬೇಕೇ ಬೇಕು. 2023ರಲ್ಲಿ ನಮ್ಮೂರಲ್ಲಿ ಅರ್ಧ ಜನ ಅದಕ್ಕಿಂತ ಕಮ್ಮಿ ಶಕ್ತಿಯ 1650 ಕಾರ್ಡ್ ಮೇಲೆ ಇದ್ದರು, ಗೇಮ್ ಎಲ್ಲಾ ಹಾರ್ಡ್ ಡಿಸ್ಕ್‌ನಲ್ಲಿ. ಅಲ್ಲಿ ಕೂತ ವಿಮರ್ಶಕನ ಪಿಸಿ ನಮ್ಮ ಎರಡು ಬೈಕಿನ ರೇಟು. ಅವನಿಗೆ 7 ಅನ್ನಿಸಿದ್ದು ನನಗೆ 4 ಅನ್ನಿಸುತ್ತದೆ, ಯಾಕೆಂದರೆ ಗೇಮ್‌ನ ಊರೊಳಗೆ ಕಾಲಿಟ್ಟರೆ ಸೆಕೆಂಡಿಗೆ ಬರೀ 22 ಫ್ರೇಮ್. ಸ್ಟೀಮ್‌ನಲ್ಲಿ ಕನಿಷ್ಠ ಯಾರೋ ಒಬ್ಬ "1650, ಲೋ ಸೆಟ್ಟಿಂಗ್, ಆಡಬಹುದು" ಅಂತ ಬರೆದಿರುತ್ತಾನೆ. ನನಗೆ ಅವನೇ ವಿಮರ್ಶಕ. ಎಷ್ಟು ಗಂಟೆ ಆಡಿದ ಮೇಲೆ ಬರೆದ ಅಂತಲೂ ಅಲ್ಲೇ ಕಾಣುತ್ತದೆ.

ಮತ್ತೆ ದುಡ್ಡು. ವಿಮರ್ಶಕನಿಗೆ ಗೇಮ್ ಪುಕ್ಕಟೆ ಬರುತ್ತದೆ. ನಮಗೆ ದೊಡ್ಡ ಪಿಎಸ್5 ಗೇಮ್ ಒಂದಕ್ಕೆ ಐದು ಸಾವಿರದ ಆಸುಪಾಸು. ಐದು ಸಾವಿರ ಕೊಟ್ಟವನ 7 ಮತ್ತು ಪುಕ್ಕಟೆ ಆಡಿದವನ 7 ಒಂದೇನಾ?

ಕರದಂಟು ಕ್ರಿಟಿಕಲ್ ಹಿಟ್ (ಗೋಕಾಕ)

ದುಡ್ಡು ಕೊಟ್ಟವರು ಎರಡು ತರ ಇರುತ್ತಾರೆ ನೋಡ್ರಿ. ಒಬ್ಬ "ಐದು ಸಾವಿರ ಹೋಯಿತು" ಅಂತ ಸೊನ್ನೆ ಹಾಕುವವನು. ಇನ್ನೊಬ್ಬ "ಐದು ಸಾವಿರ ಕೊಟ್ಟಿದ್ದೇನೆ, ಅದು ಚೆನ್ನಾಗಿರಲೇಬೇಕು" ಅಂತ 10 ಹಾಕುವವನು. ನನ್ನ ಗೆಳೆಯ ಎರಡನೇ ಜಾತಿ. ಗೇಮ್ ಕ್ರ್ಯಾಶ್ ಆದರೂ "ಅನುಭವ ಚೆನ್ನಾಗಿದೆ" ಅನ್ನುತ್ತಾನೆ.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಪುಕ್ಕಟೆ ಕೀ (ಗೇಮ್ ತೆರೆಯುವ ಕೋಡ್) ವಿಷಯಕ್ಕೆ ಒಂದು ಮಾತು. 2016ರ ಸೆಪ್ಟೆಂಬರ್‌ನಿಂದ ಸ್ಟೀಮ್‌ನಲ್ಲಿ ಬೇರೆ ಕಡೆಯಿಂದ ಸಿಕ್ಕ ಕೀ ಹಾಕಿ ಆಡಿದವರ ರಿವ್ಯೂ ಒಟ್ಟು ಸ್ಕೋರ್‌ಗೆ ಸೇರುವುದಿಲ್ಲ. ಸ್ಟೀಮ್‌ನಲ್ಲೇ ಕೊಂಡವರದ್ದು ಮಾತ್ರ ಲೆಕ್ಕ. ಹಾಗಾಗಿ ನೈಟ್ ಶಿಫ್ಟ್ ಹೇಳಿದ ವ್ಯತ್ಯಾಸ ನಿಜ. ಒಂದು ಕಡೆ ಪೂರ್ತಿ ಕೊಂಡವರು, ಇನ್ನೊಂದು ಕಡೆ ಹೆಚ್ಚುಕಡಿಮೆ ಪೂರ್ತಿ ಕೊಳ್ಳದವರು.

ಖಾನಾಪುರ ಮಳೆ

125 ಜಿಬಿ ಅಂತೆ. ಇಲ್ಲಿ ಜುಲೈನಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಡೌನ್‌ಲೋಡ್ ಮುಗಿಯುವಷ್ಟರಲ್ಲಿ ವಿಮರ್ಶಕ ಸ್ಕೋರ್ ಬದಲಿಸಿರುತ್ತಾನೆ.

ತಮಾಷೆ ಬಿಡಿ. ಆಟಗಾರರ ಅಭಿಪ್ರಾಯ ಅಂತ ಪೂಜೆ ಮಾಡುವವರಿಗೆ ಒಂದೆರಡು ನೆನಪು ಮಾಡುತ್ತೇನೆ. 2020ರ ಜೂನ್ 19ಕ್ಕೆ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂತು. ವಿಮರ್ಶಕರ ಸರಾಸರಿ 93. ಬಂದ ದಿನವೇ ಮೆಟಾಕ್ರಿಟಿಕ್‌ನಲ್ಲಿ ಸಾವಿರಾರು ಜನ ಸೊನ್ನೆ ಹಾಕಿದ್ದರು. ಮುಗಿಸಲು ಇಪ್ಪತ್ತು ಗಂಟೆಗಿಂತ ಜಾಸ್ತಿ ಬೇಕಾದ ಗೇಮ್ ಅದು! ಲೀಕ್ ಆದ ಕಥೆ ಓದಿ ಕೋಪ ಬಂದವರು, ಪಾತ್ರಗಳ ಮೇಲೆ ಕೋಪ ಇದ್ದವರು. ಮುಂದಿನ ತಿಂಗಳೇ ಮೆಟಾಕ್ರಿಟಿಕ್ ನಿಯಮ ಬದಲಿಸಿತು. ಗೇಮ್ ಬಂದು 36 ಗಂಟೆ ಆಗುವ ತನಕ ಆಟಗಾರರು ರಿವ್ಯೂ ಹಾಕುವ ಹಾಗಿಲ್ಲ.

ಆದರೆ ಎಲ್ಲಾ ದಾಳಿಯೂ ಮೂರ್ಖತನ ಅಲ್ಲ. ಹೆಲ್‌ಡೈವರ್ಸ್ 2 ನೋಡಿ. 2024ರ ಮೇ ತಿಂಗಳಲ್ಲಿ ಪಿಸಿಯವರೂ ಪ್ಲೇಸ್ಟೇಷನ್ ಅಕೌಂಟ್ ಜೋಡಿಸಲೇಬೇಕು ಅಂತ ಸೋನಿ ಹೇಳಿತು. ಆ ಅಕೌಂಟ್ ಸಿಗದ ದೇಶಗಳಲ್ಲೂ ಗೇಮ್ ಮಾರಿದ್ದರು. ಸ್ಟೀಮ್‌ನಲ್ಲಿ ಲಕ್ಷಗಟ್ಟಲೆ ಹೆಬ್ಬೆರಳು ಕೆಳಗೆ. ಕೆಲವೇ ದಿನದಲ್ಲಿ ಸೋನಿ ಹಿಂದೆ ಸರಿಯಿತು. ಫೆಬ್ರವರಿಯಲ್ಲಿ ರಿವ್ಯೂ ಬರೆದು ಮುಗಿಸಿದ ಯಾವ ವಿಮರ್ಶಕನ ಅಂಕಕ್ಕೂ ಆ ಶಕ್ತಿ ಇರಲಿಲ್ಲ.

ಕುಂದಾನಗರಿ ಗೇಮರ್ (ಬೆಳಗಾವಿ)

ಮಳೆ ಹೇಳಿದ ಕೊನೇ ಮಾತು ತುಂಬಾ ಮುಖ್ಯ, ಅದರಿಂದ ನಾನು ಪ್ರೇ ವಿಷಯಕ್ಕೆ ಬರುತ್ತೇನೆ. ಇದು ಸ್ಟೇಪಲ್‌ಟನ್ ಮೇಲಿನ ದೊಡ್ಡ ಆರೋಪ. "ಪ್ರೇಗೆ 4 ಕೊಟ್ಟವನು" ಅಂತಲೇ ಗುಂಪಿನಲ್ಲಿ ಹೆಸರು.

ಆದದ್ದು ಹೀಗೆ. ಪ್ರೇ 2017ರ ಮೇ 5ಕ್ಕೆ ಬಂತು. ಅದನ್ನು ಪ್ರಕಟಿಸಿದ ಬೆಥೆಸ್ಡಾದವರು ಅದರ ಹಿಂದಿನ ಅಕ್ಟೋಬರ್‌ನಲ್ಲೇ ಹೇಳಿದ್ದರು, ರಿವ್ಯೂ ಕಾಪಿ ಇನ್ನು ಮೇಲೆ ಬಿಡುಗಡೆಗೆ ಒಂದು ದಿನ ಮೊದಲು ಮಾತ್ರ ಅಂತ. ಹಾಗಾಗಿ ರಿವ್ಯೂ ಎಲ್ಲಾ ತಡ. ಇವರು ಪಿಸಿಯಲ್ಲಿ ಆಡುತ್ತಾ ಆಡುತ್ತಾ ಬಹಳ ದೂರ ಹೋದ ಮೇಲೆ, ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್ ಹಾಳಾಯಿತು. ಹಳೆಯ ಸೇವ್‌ಗೆ ಹೋದರೂ ಉಪಯೋಗ ಆಗಲಿಲ್ಲ. ಮುಗಿಸಲಾಗದ ಗೇಮ್ ಅಂತ 4 ಕೊಟ್ಟರು. ಗೇಮ್ ಚೆನ್ನಾಗಿದೆ, ಆದರೆ ಈ ದೋಷ ಇರುವ ತನಕ ತಗೊಳ್ಳಬೇಡಿ ಅನ್ನುವ ಅರ್ಥದಲ್ಲಿ. ದೋಷ ಸರಿಪಡಿಸುವ ಪ್ಯಾಚ್ ಬಂತು, ಮುಗಿಸಿದರು, ರಿವ್ಯೂ ತಿದ್ದಿ 8 ಮಾಡಿದರು.

ಇದರಲ್ಲಿ ತಪ್ಪು ಎಲ್ಲಿದೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದೇ ದೋಷ ಸಿಕ್ಕ ಆಟಗಾರ ಸ್ಟೀಮ್‌ನಲ್ಲಿ ಹೆಬ್ಬೆರಳು ಕೆಳಗೆ ಮಾಡಿದ್ದರೆ ನಾವು "ಪಾಪ, ನಿಜ ಹೇಳಿದ" ಅನ್ನುತ್ತಿದ್ದೆವು. ವಿಮರ್ಶಕ ಮಾಡಿದರೆ "ಅನ್ಯಾಯ". ಲಕ್ಷ ಜನರಲ್ಲಿ ಒಬ್ಬನ ಸೇವ್ ಹಾಳಾದರೆ ಶೇಕಡದಲ್ಲಿ ಅದು ಕಾಣುವುದೇ ಇಲ್ಲ. ಒಬ್ಬನೇ ವಿಮರ್ಶಕನ ಸೇವ್ ಹಾಳಾದರೆ ಅವನ ಅಂಕ ಪೂರ್ತಿ ಅದೇ. ಒಬ್ಬ ವಿಮರ್ಶಕನನ್ನು ಜನರ ಜೊತೆ ಹೋಲಿಸುವಾಗ ಈ ಅದೃಷ್ಟದ ಭಾಗವನ್ನು ಬಿಡಲೇಬೇಕಾಗುತ್ತದೆ. ಪ್ಯಾಚ್ ಆದ ಮೇಲಿನ 8ನ್ನೇ ಹಿಡಿದರೆ ಆಟಗಾರರ "ವೆರಿ ಪಾಸಿಟಿವ್" ಜೊತೆ ಒಳ್ಳೆಯ ಹೊಂದಾಣಿಕೆ ಇದೆ.

ಬೇಜಾರಿನ ಸಂಗತಿ ಎಂದರೆ ಮೆಟಾಕ್ರಿಟಿಕ್ ಮೊದಲು ಕೊಟ್ಟ ಅಂಕವನ್ನೇ ಹಿಡಿಯುತ್ತದೆ, ತಿದ್ದಿದ್ದನ್ನು ತಗೊಳ್ಳುವುದಿಲ್ಲ. 2013ರಲ್ಲಿ ಪಾಲಿಗಾನ್ ತಾಣ ಸಿಮ್‌ಸಿಟಿ ಗೇಮ್‌ಗೆ 9.5 ಕೊಟ್ಟು, ಸರ್ವರ್ ಕುಸಿದ ಮೇಲೆ 8 ಮಾಡಿ, 4 ಮಾಡಿ, ಆಮೇಲೆ 6.5ಕ್ಕೆ ತಂದಿತು. ಮೆಟಾಕ್ರಿಟಿಕ್‌ನಲ್ಲಿ ಉಳಿದದ್ದು ಮೊದಲನೆಯದು.

ಇಳಕಲ್ ಲ್ಯಾಗ್

ನಿಮ್ಮ ಚರ್ಚೆ ಎಲ್ಲಾ ಪಿಸಿ, ಪಿಎಸ್5 ಇರುವವರದ್ದು. ನಮ್ಮ ಓಣಿಯಲ್ಲಿ ನೂರಕ್ಕೆ ತೊಂಬತ್ತು ಹುಡುಗರು ಫೋನಿನಲ್ಲಿ ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ಆಡುತ್ತಾರೆ. ಅದಕ್ಕೆ ಯಾವ ದೊಡ್ಡ ವಿಮರ್ಶಕ ಅಂಕ ಕೊಟ್ಟಿದ್ದಾನೆ? ನಮಗೆ ಪ್ಲೇ ಸ್ಟೋರ್ ನಕ್ಷತ್ರ ಬಿಟ್ಟರೆ ಬೇರೆ ಗತಿ ಇಲ್ಲ. ಅದರ ಕಥೆಯೂ ಗೊತ್ತಲ್ಲ. 2020ರ ಮೇ ತಿಂಗಳಲ್ಲಿ ಯೂಟ್ಯೂಬ್ ಟಿಕ್‌ಟಾಕ್ ಜಗಳದಲ್ಲಿ ನಮ್ಮ ದೇಶದವರೇ ಟಿಕ್‌ಟಾಕ್ ರೇಟಿಂಗ್ ಅನ್ನು ಒಂದು ಚಿಲ್ಲರೆಗೆ ಇಳಿಸಿದರು, ಗೂಗಲ್ ಲಕ್ಷಗಟ್ಟಲೆ ರಿವ್ಯೂ ಅಳಿಸಿ ಮತ್ತೆ ಮೇಲಕ್ಕೆ ತಂದಿತು. ಆ್ಯಪ್ ಒಳ್ಳೆಯದಾ ಕೆಟ್ಟದ್ದಾ ಅನ್ನುವುದಕ್ಕೂ ಆ ನಕ್ಷತ್ರಕ್ಕೂ ಸಂಬಂಧವೇ ಇರಲಿಲ್ಲ.

ಈಗಲೂ ಒಂದು ಅಪ್‌ಡೇಟ್ ಬಂದು ಫೋನ್ ಬಿಸಿಯಾದರೆ ಎಲ್ಲಾ ಒಂದು ಸ್ಟಾರ್. ಮುಂದಿನ ವಾರ ಹೊಸ ಸ್ಕಿನ್ ಬಂದರೆ ಅದೇ ಹುಡುಗ ಐದು ಸ್ಟಾರ್.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಇಳಕಲ್ ಹೇಳಿದ್ದು ಸರಿ. ಅಲ್ಲಿ ಹೋಲಿಸಲು ಒಂದು ಕಡೆಯೇ ಇಲ್ಲ.

ಹಾರುಗೇರಿ ಹೆಡ್‌ಶಾಟ್

ಸುಮ್ನೆ ಇಷ್ಟು ಉದ್ದ ಬರೆಯುತ್ತಿದ್ದೀರಿ. ಎಲ್ಲಾ ವಿಮರ್ಶಕರೂ ದುಡ್ಡು ತಗೊಂಡು ಬರೆಯುವವರು. ಕಂಪನಿ ಜಾಹೀರಾತು ಕೊಡುತ್ತದೆ, ಇವರು 9 ಕೊಡುತ್ತಾರೆ. ಮುಗಿಯಿತು.

ಕುಂದಾನಗರಿ ಗೇಮರ್ (ಬೆಳಗಾವಿ)

ದುಡ್ಡು ತಗೊಂಡಿದ್ದರೆ ವರ್ಷದ ಅತಿ ದೊಡ್ಡ ಎಕ್ಸ್‌ಬಾಕ್ಸ್ ಗೇಮ್‌ಗೆ 7 ಯಾಕೆ ಕೊಡುತ್ತಿದ್ದರು ಹೇಳಿ ನೋಡೋಣ.

ಒತ್ತಡ ಇಲ್ಲ ಅಂತ ನಾನು ಹೇಳುವುದಿಲ್ಲ. ಜೆಫ್ ಗರ್ಸ್ಟ್‌ಮನ್ 2007ರಲ್ಲಿ ಗೇಮ್‌ಸ್ಪಾಟ್‌ನಲ್ಲಿ ಕೇನ್ ಅಂಡ್ ಲಿಂಚ್‌ಗೆ 6 ಕೊಟ್ಟರು. ಅದೇ ಸಮಯಕ್ಕೆ ಆ ತಾಣದ ತುಂಬಾ ಆ ಗೇಮ್‌ನದ್ದೇ ಜಾಹೀರಾತು. ಅವರ ಕೆಲಸ ಹೋಯಿತು. ಜಾಹೀರಾತಿನ ಒತ್ತಡದ ಬಗ್ಗೆ 2012ರಲ್ಲಿ ಅವರೇ ಬಾಯಿ ಬಿಟ್ಟು ಹೇಳಿದರು. ಆದರೆ ಆ ಕಥೆಯಲ್ಲಿ ವಿಮರ್ಶಕ ಬಗ್ಗಲಿಲ್ಲ, ಬಗ್ಗಿದ್ದು ಮೇಲೆ ಕೂತವರು. ಅದಕ್ಕೇ ನಾನು ತಾಣದ ಹೆಸರು ನೋಡುವುದಿಲ್ಲ, ಬರೆದವರ ಹೆಸರು ನೋಡುತ್ತೇನೆ.

ನಮ್ಮ ಗುಂಪಿನಲ್ಲಿ ಇನ್ನೊಂದು ಗೊಂದಲವೂ ಅಲ್ಲಿಂದಲೇ. "ಐಜಿಎನ್ ಬಾಲ್ಡರ್ಸ್ ಗೇಟ್ 3ಕ್ಕೆ 10 ಕೊಟ್ಟು ಸ್ಟಾರ್‌ಫೀಲ್ಡ್‌ಗೆ 7 ಕೊಟ್ಟಿತು, ಪಕ್ಷಪಾತ" ಅಂತ. ಬಾಲ್ಡರ್ಸ್ ಗೇಟ್‌ಗೆ ಬರೆದದ್ದು ಲಿಯಾನಾ ಹೇಫರ್. ಏಲಿಯನ್: ಐಸೊಲೇಶನ್‌ಗೆ 2014ರಲ್ಲಿ 5.9 ಕೊಟ್ಟದ್ದು ರಯನ್ ಮೆಕ್‌ಕ್ಯಾಫ್ರಿ. ಸೈಬರ್‌ಪಂಕ್‌ಗೆ ಪಿಸಿಯಲ್ಲಿ 9 ಕೊಟ್ಟದ್ದು ಟಾಮ್ ಮಾರ್ಕ್ಸ್. ಮೂರು ಜನ, ಮೂರು ರುಚಿ. ಏಲಿಯನ್‌ಗೆ ಬಿದ್ದ 5.9ರ ಸಿಟ್ಟನ್ನು ಸ್ಟೇಪಲ್‌ಟನ್ ತಲೆಗೆ ಕಟ್ಟುವವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ನವನಗರ ನೈಟ್ ಶಿಫ್ಟ್ (ಬಾಗಲಕೋಟೆ)

ಸೈಬರ್‌ಪಂಕ್ ಹೆಸರು ಎತ್ತಿದಿರಿ, ಅದನ್ನು ಬಿಡಬೇಡಿ. 2020ರ ಡಿಸೆಂಬರ್ 10ಕ್ಕೆ ಬಂತು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಬರೀ ಪಿಸಿ ಕಾಪಿ. ವಿಡಿಯೋದಲ್ಲಿ ತಾವು ಆಡಿದ್ದನ್ನೂ ತೋರಿಸುವ ಹಾಗಿಲ್ಲ, ಕಂಪನಿ ಕೊಟ್ಟ ದೃಶ್ಯವೇ ಹಾಕಬೇಕು. ಹೆಚ್ಚಿನವರು 9, 10. ನಮ್ಮ ಕಡೆ ಪಿಎಸ್4 ಇದ್ದವರು ಅದನ್ನು ನೋಡಿ ಡಿಸ್ಕ್ ಬುಕ್ ಮಾಡಿದರು. ಹಾಕಿ ನೋಡಿದರೆ ಮುಖಗಳೇ ಲೋಡ್ ಆಗಲ್ಲ. ಒಂದೇ ವಾರಕ್ಕೆ, ಡಿಸೆಂಬರ್ 17ಕ್ಕೆ, ಸೋನಿ ಅದನ್ನು ಸ್ಟೋರ್‌ನಿಂದಲೇ ತೆಗೆಯಿತು. ಐಜಿಎನ್ ಆಮೇಲೆ ಕನ್ಸೋಲ್‌ಗೆ ಬೇರೆ ರಿವ್ಯೂ ಬರೆದು 4 ಕೊಟ್ಟಿತು. ಆಗ ಕೊಟ್ಟು ಏನು ಮಾಡೋದು ರೀ, ಡಿಸ್ಕ್ ಕೈಯಲ್ಲಿ ಇದೆ, ವಾಪಸ್ ತಗೊಳ್ಳುವವನಿಲ್ಲ.

ಇಂಥ ಹೊತ್ತಲ್ಲಿ ಆಟಗಾರರೇ ಮೊದಲು ನಿಜ ಹೇಳಿದ್ದು. ಇದನ್ನು ನೀವು ಒಪ್ಪಲೇಬೇಕು.

ಕುಂದಾನಗರಿ ಗೇಮರ್ (ಬೆಳಗಾವಿ)

ಅದರಲ್ಲಿ ಎರಡು ಮಾತಿಲ್ಲ. ರಿವ್ಯೂನಲ್ಲಿ ಯಾವ ಮಷಿನ್ ಮೇಲೆ ಆಡಿದರು ಅಂತ ಮೊದಲು ನೋಡಬೇಕು, ಅಂಕ ಆಮೇಲೆ. ನಿಮ್ಮ ಮಷಿನ್ ಅಲ್ಲವಾದರೆ ಆ ಅಂಕ ನಿಮ್ಮದಲ್ಲ.

ಖಾನಾಪುರ ಮಳೆ

ನೋ ಮ್ಯಾನ್ಸ್ ಸ್ಕೈ ಬಗ್ಗೆ ಯಾರೂ ಮಾತಾಡಲಿಲ್ಲ. ಸ್ಟೇಪಲ್‌ಟನ್ 6 ಕೊಟ್ಟಾಗ ಮೊದಲು ಅಭಿಮಾನಿಗಳು "ಕಮ್ಮಿ ಆಯಿತು" ಅಂತ ಬೈದರು. ಎರಡೇ ತಿಂಗಳಿಗೆ ಸ್ಟೀಮ್‌ನಲ್ಲಿ ಆ ಗೇಮ್ ಕೆಂಪಿಗೆ ಬಿತ್ತು, ಆಗ ಅದೇ ಜನ "6 ಜಾಸ್ತಿ ಆಯಿತು" ಅಂದರು. ಅದನ್ನು ಮಾಡಿದ ಹೆಲೋ ಗೇಮ್ಸ್‌ನವರು ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ಪುಕ್ಕಟೆ ಅಪ್‌ಡೇಟ್ ಕೊಟ್ಟರು. 2024ರ ನವೆಂಬರ್‌ನಲ್ಲಿ ಒಟ್ಟು ಸ್ಕೋರ್ "ವೆರಿ ಪಾಸಿಟಿವ್" ಆಯಿತು. ಈಗ ಹೊಸದಾಗಿ ಆಡುವ ಹುಡುಗ ಆ 6 ನೋಡಿ ನಗುತ್ತಾನೆ. ಮೂರು ಸಲ ಜನರ ಮಾತು ಬದಲಾಯಿತು, ಅಂಕ ಇದ್ದಲ್ಲೇ ಇದೆ. ಇದಕ್ಕೆ ನಿಮ್ಮ ಸಾಲಿನ ಲೆಕ್ಕ ಏನು ಹೇಳುತ್ತದೆ ಗುಮ್ಮಟ ಅವರೇ?

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ದಿನಾಂಕ ಹೊಂದಿಸಬೇಕು. ವಿಮರ್ಶಕನ ಅಂಕವನ್ನು ಗೇಮ್ ಬಂದ ಮೊದಲ ತಿಂಗಳ ಆಟಗಾರರ ಜೊತೆ ಮಾತ್ರ ಹೋಲಿಸಬೇಕು. ಸ್ಟೀಮ್‌ನಲ್ಲಿ 2017ರಿಂದ ದಿನಾಂಕವಾರು ಗ್ರಾಫ್ ಇದೆ, ಅದರಲ್ಲಿ ಎಳೆದು ಬೇಕಾದ ಅವಧಿ ಆರಿಸಬಹುದು. ಹಾಗೆ ಮಾಡಿದರೆ ನೋ ಮ್ಯಾನ್ಸ್ ಸ್ಕೈ ಸಾಲಿನಲ್ಲಿ ತಾನಾಗಿ ಕೆಳಗಿಳಿಯುತ್ತದೆ. ಹೊಂದಾಣಿಕೆ ಇನ್ನೂ ಚೆನ್ನಾಗುತ್ತದೆ. ಸ್ಟಾರ್‌ಫೀಲ್ಡ್ ಮಾತ್ರ ಉಲ್ಟಾ. ಮೊದಲ ತಿಂಗಳಲ್ಲಿ ಜನ ಇನ್ನೂ ಖುಷಿಯಲ್ಲಿದ್ದರು, ಆಮೇಲೆ ಇಳಿದರು. ಅಲ್ಲಿ ವಿಮರ್ಶಕ ಜನರಿಗಿಂತ ಮೊದಲೇ ಇಳಿದಿದ್ದರು.

ಭಾಷೆಯದ್ದೂ ಇದೆ. 2025ರ ಆಗಸ್ಟ್‌ನಿಂದ ಸ್ಟೀಮ್ ಭಾಷೆವಾರು ಸ್ಕೋರ್ ತೋರಿಸುತ್ತಿದೆ. ಮುಂದಿನ ತಿಂಗಳೇ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂದಾಗ ಅದು ಕಂಡಿತು. ಇಂಗ್ಲಿಷ್‌ನಲ್ಲಿ ಹೊಗಳಿಕೆ, ಚೀನಿ ಭಾಷೆಯಲ್ಲಿ ಅನುವಾದ ಕೆಟ್ಟದ್ದು ಅಂತ ಬೈಗುಳ. ಯಾವ ಆಟಗಾರರು ಅಂತ ಕೇಳದೆ ಆಟಗಾರರ ಅಭಿಪ್ರಾಯ ಅನ್ನುವುದೇ ಇಲ್ಲ.

ಹಾರುಗೇರಿ ಹೆಡ್‌ಶಾಟ್

ಸರಿ ಬಿಡ್ರಿ, ದುಡ್ಡಿನ ಮಾತು ವಾಪಸ್ ತಗೊಳ್ಳುವುದಿಲ್ಲ, ಆದರೆ ಒಂದು ಕೇಳುತ್ತೇನೆ. ಈ ಅಂಕದಿಂದ ಗೇಮ್ ಮಾಡುವವರಿಗೆ ಏನಾದರೂ ಆಗುತ್ತದಾ? ಇಲ್ಲ ಬರೀ ನಮ್ಮ ಜಗಳಕ್ಕಾ?

ಕುಂದಾನಗರಿ ಗೇಮರ್ (ಬೆಳಗಾವಿ)

ಆಗುತ್ತದೆ. ಫಾಲೌಟ್: ನ್ಯೂ ವೇಗಸ್, 2010. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಅದನ್ನು ಮಾಡಿದ ಅಬ್ಸಿಡಿಯನ್ ಸ್ಟುಡಿಯೋಗೆ ಬೋನಸ್ ಅಂತ ಒಪ್ಪಂದ ಇತ್ತು. ಬಂದದ್ದು 84. ಇದನ್ನು ಆ ಸ್ಟುಡಿಯೋದ ಕ್ರಿಸ್ ಅವೆಲ್ಲೋನ್ 2012ರಲ್ಲಿ ಹೇಳಿದ್ದು. ಇವತ್ತು ಆಟಗಾರರನ್ನು ಕೇಳಿ, ಫಾಲೌಟ್‌ಗಳಲ್ಲಿ ಯಾವುದು ಮೇಲು ಅಂದರೆ ಅರ್ಧಕ್ಕರ್ಧ ಜನ ನ್ಯೂ ವೇಗಸ್ ಅನ್ನುತ್ತಾರೆ. ಬೋನಸ್ ಕೊಡುವವರು ಜನರ ಮಾತಿಗೆ ಕಾಯಲಿಲ್ಲ.

ನನ್ನ ಮೊದಲಿನ ಮಾತಿಗೆ ವಾಪಸ್ ಬರುತ್ತೇನೆ. ಸ್ಟೇಪಲ್‌ಟನ್ ಒಲವು ನನಗೆ ಈಗ ಗೊತ್ತು. ಬೆಥೆಸ್ಡಾ ತರದ ದೊಡ್ಡ ತೆರೆದ ಲೋಕ ಅವರಿಗೆ ಇಷ್ಟ, ಫಾಲೌಟ್ 4ರಲ್ಲಿ ಅದು ಕಾಣುತ್ತದೆ. ಅಂಥವರೇ ಸ್ಟಾರ್‌ಫೀಲ್ಡ್‌ಗೆ 7 ಅಂದಾಗ ನಾನು ಕಿವಿ ಕೊಟ್ಟೆ, ಪೂರ್ತಿ ರೇಟಿಗೆ ಕೊಳ್ಳಲಿಲ್ಲ. ಅದೇ 7 ಆ ತರದ ಗೇಮ್ ಇಷ್ಟ ಇಲ್ಲದವರಿಂದ ಬಂದಿದ್ದರೆ ನಾನು ಬೇರೆ ರೀತಿ ಓದುತ್ತಿದ್ದೆ. ಸಾವಿರಾರು ಜನರ ಶೇಕಡಕ್ಕೆ ಇಂಥ ಒಲವು ಇರುವುದಿಲ್ಲ, ಹಾಗಾಗಿ ಅದರ ಜೊತೆ ನನ್ನ ರುಚಿಯನ್ನು ಹೋಲಿಸಿಕೊಳ್ಳಲೂ ಆಗುವುದಿಲ್ಲ.

ನವನಗರ ನೈಟ್ ಶಿಫ್ಟ್ (ಬಾಗಲಕೋಟೆ)

ನಾನು ಈಗಲೂ 1650 ಹುಡುಗನ ಪಕ್ಷ.

ಕರದಂಟು ಕ್ರಿಟಿಕಲ್ ಹಿಟ್ (ಗೋಕಾಕ)

ಮುಂದಿನ ಸಲ ವಿಡಿಯೋ ವಿಮರ್ಶಕ ಯಾಟ್ಜಿ ಕ್ರೋಶಾ ಹಿಡಿಯಿರಿ. ಬೈಯುವುದರಲ್ಲಿ ಅವನೇ ರಾಜ.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಅವರು ಅಂಕವೇ ಕೊಡುವುದಿಲ್ಲವಲ್ಲ ಮಾರಾಯರೇ, ಏನನ್ನು ಸಾಲಿನಲ್ಲಿ ನಿಲ್ಲಿಸಲಿ. ಜಪಾನಿನ ಫಮಿತ್ಸು ಪತ್ರಿಕೆಯವರು ಆಗಬಹುದು, ಅಲ್ಲಿ ನಾಲ್ಕು ಜನ ತಲಾ 10ಕ್ಕೆ ಅಂಕ ಕೊಟ್ಟು 40ಕ್ಕೆ ಕೂಡಿಸುತ್ತಾರೆ. ಒಬ್ಬೊಬ್ಬರನ್ನೂ ಬಿಡಿಸಿ ನೋಡಬಹುದು.

ಇಳಕಲ್ ಲ್ಯಾಗ್

ಎಲ್ಲಾ ಓದಿದೆ. ಅಣ್ಣನ ಹಳೆಯ ಲ್ಯಾಪ್‌ಟಾಪ್ ಸಿಕ್ಕಿದೆ, 1050 ಟಿಐ. ಪ್ರೇ ಓಡುತ್ತದಾ? ಸೇಲ್‌ನಲ್ಲಿ ತಗೊಳ್ಳಲಾ?

ಕುಂದಾನಗರಿ ಗೇಮರ್ (ಬೆಳಗಾವಿ)

ಆರಾಮಾಗಿ ಓಡುತ್ತದೆ. ಆದರೆ ತಗೊಳ್ಳುವ ಮುಂಚೆ ನಿಮ್ಮ ಅಣ್ಣನ ಎಪಿಕ್ (ಸ್ಟೀಮ್ ತರದ್ದೇ ಇನ್ನೊಂದು ಅಂಗಡಿ) ಅಕೌಂಟ್ ತೆಗೆದು ನೋಡಿ. ಅಲ್ಲಿ ಅದನ್ನು ಒಮ್ಮೆ ಪುಕ್ಕಟೆ ಹಂಚಿದ್ದರು.

ಇಳಕಲ್ ಲ್ಯಾಗ್

ಇದೆ ರೀ! ಡೌನ್‌ಲೋಡ್‌ಗೆ ಹಾಕಿದೆ. ಸೇವ್ ಹಾಳಾದರೆ 4 ಕೊಡುತ್ತೇನೆ.